ನಮ್ಮೂರಲ್ಲೂ 'ದ್ವೀಪ' ತೋರಿಸಿ

ಮಾನ್ಯ ಸಂಪಾದಕರೆ,

ನಿಮ್ಮ ಸಿನಿಮಾ ಪುಟದಲ್ಲಿ ಟ್ರೇಲರ್ ಸುದ್ದಿ, ಕಲೆಕ್ಷನ್ ಸುದ್ದಿ, ಸ್ಟಾರ್‌ಗಳ ಫೋಟೊ ಎಲ್ಲಾ ಬರುತ್ತೆ, ನಾನೂ ಓದ್ತೀನಿ, ಅದಕ್ಕೆ ನನ್ನ ತಕರಾರಿಲ್ಲ. ಆದ್ರೆ ಜನ 'ಅವಾರ್ಡ್ ಸಿನಿಮಾ' ಅಂತ ಹೇಳಿ ಬದಿಗಿಡೋ ಚಿತ್ರಗಳ ಬಗ್ಗೆ ಸ್ವಲ್ಪ ಹೇಳ್ಬೇಕು, ಯಾಕಂದ್ರೆ ಸುಮಾರು ಮೂವತ್ತು ವರ್ಷ ಹಾಗೆ ಬದಿಗಿಟ್ಟವರಲ್ಲಿ ನಾನೂ ಒಬ್ಬ.

ನಾನು ಹುಡುಗನಾಗಿದ್ದಾಗ ಭಾನುವಾರ ಮಧ್ಯಾಹ್ನ ದೂರದರ್ಶನದಲ್ಲಿ ಬೇರೆ ಬೇರೆ ಭಾಷೆಯ ಚಿತ್ರ ಹಾಕೋರು, ಅಪರೂಪಕ್ಕೆ ಕನ್ನಡದ್ದು ಬರೋದು. ಮಕ್ಕಂದೂರು ಹತ್ರ ನಮ್ಮ ಕಡೆ ಟಿವಿ ಇದ್ದಿದ್ದೇ ಒಂದು ಮನೇಲಿ, ಕನ್ನಡ ಸಿನಿಮಾ ಅಂತ ಎಲ್ರೂ ಓಡಿ ಹೋಗಿ ಕೂತ್ರೆ ಹಾಡಿಲ್ಲ ಫೈಟಿಲ್ಲ, ಒಬ್ಬ ಮುದುಕ ಜಗಲಿ ಮೇಲೆ ಸುಮ್ನೆ ಕೂತಿರೋನು, ಹತ್ತು ನಿಮಿಷಕ್ಕೆ ಒಬ್ಬೊಬ್ರೇ ಎದ್ದು ಹೋಗೋರು. ಆವತ್ತಿಂದ ನಂಗೆ ಅವಾರ್ಡ್ ಸಿನಿಮಾ ಅಂದ್ರೆ ಏನೂ ಆಗದ ಸಿನಿಮಾ. 2014ರ ಜನವರಿಯಲ್ಲಿ ಮಡಿಕೇರಿಯಲ್ಲಿ 80ನೇ ಸಾಹಿತ್ಯ ಸಮ್ಮೇಳನ ಆಯ್ತಲ್ಲ, ನಾ. ಡಿಸೋಜ ಅವರು ಅಧ್ಯಕ್ಷರು, ಅಲ್ಲಿ ಪುಸ್ತಕ ಮಳಿಗೆಯಲ್ಲಿ ಅವರ 'ದ್ವೀಪ' ಕೈಗೆತ್ಕೊಂಡು, ಇದು ಸೌಂದರ್ಯ ಮಾಡಿದ ಆ ಅವಾರ್ಡ್ ಸಿನಿಮಾದ ಕಥೆ ಅಲ್ವಾ ಅಂದು ಅಲ್ಲೇ ಇಟ್ಟು ಬಂದೆ.

ಆಮೇಲೆ 2018ರ ಆಗಸ್ಟ್ ಬಂತು, ಕೊಡಗಲ್ಲಿ ಮಳೆಗೆ ಗುಡ್ಡಗಳು ಕುಸಿದ ತಿಂಗಳು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ನಿಮ್ಮ ಪತ್ರಿಕೆ ಓದೋರಿಗೆ ಈ ಹೆಸರೆಲ್ಲ ಗೊತ್ತಿದೆ, ಹೆಚ್ಚು ಬರೆಯಲ್ಲ. ನಮ್ಮ ಮನೆ ಮೇಲ್ಗಡೆ ಗುಡ್ಡದ ಬರೆ ಕುಸೀತಾ ಇತ್ತು, ಅಪ್ಪ ಮಾತ್ರ ನಾನು ಹುಟ್ಟಿದ ಮನೆ ಇದು, ಬರಲ್ಲ ಅಂತ ಬಾಗಿಲಲ್ಲಿ ಕೂತ್ಬಿಟ್ರು. ಅವ್ವನೇ ಹೋಗಿ ಕೊಟ್ಟಿಗೇಲಿ ಹಸುಗಳ ಹಗ್ಗ ಬಿಚ್ಚಿ, ಜಮೀನಿನ ಆರ್‌ಟಿಸಿ ಕಾಗದ ಎಲ್ಲಾ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಸೊಂಟಕ್ಕೆ ಕಟ್ಕೊಂಡು, ಅಪ್ಪನ ಕೈ ಹಿಡಿದು ಎಳ್ಕೊಂಡು ಇಳಿದ್ರು. ಮಾರನೇ ದಿನ ಅರ್ಧ ತೋಟ ಇರ್ಲಿಲ್ಲ, ಕಾಫಿ, ಕಾಳುಮೆಣಸು ಬಳ್ಳಿ ಹಬ್ಬಿದ್ದ ಮರ, ಕಣ, ಎಲ್ಲಾ ಕೆಂಪು ಮಣ್ಣು.

ಹೋದ ಮಳೆಗಾಲದಲ್ಲಿ ಮೈಸೂರಲ್ಲಿ ಓದೋ ಮಗಳು ಮನೆಗೆ ಬಂದಿದ್ಲು, ಲ್ಯಾಪ್‌ಟಾಪಲ್ಲಿ 'ದ್ವೀಪ' ಹಾಕಿದ್ಲು. ಕರೆಂಟ್ ಹೋಗಿ ಎರಡು ದಿನ ಆಗಿತ್ತು, ಚಾರ್ಜ್ ಇದ್ದಷ್ಟು ಒಂದು ರಾತ್ರಿ ನೋಡಿ, ಉಳಿದಿದ್ದು ಕರೆಂಟ್ ಬಂದ ಮೇಲೆ ನೋಡಿದ್ವಿ. ಗಿರೀಶ್ ಕಾಸರವಳ್ಳಿ ಅವರ ಚಿತ್ರ, ಆ ವರ್ಷದ ಅತ್ಯುತ್ತಮ ಚಿತ್ರಕ್ಕೆ ಕೊಡೋ ಸ್ವರ್ಣಕಮಲ ಅದಕ್ಕೇ ಬಂತು, ಛಾಯಾಗ್ರಹಣಕ್ಕೆ ಎಚ್.ಎಂ. ರಾಮಚಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ. ಅಣೆಕಟ್ಟಿಂದ ಹಿನ್ನೀರು ಏರ್ತಾ ಇದೆ, ಊರವ್ರೆಲ್ಲ ಹೊರಟು ಹೋಗ್ತಾರೆ, ದುಗ್ಗಜ್ಜ ಮಾತ್ರ ಜಾಗ ಬಿಡಲ್ಲ ಅಂತಾನೆ, ಸೊಸೆ ನಾಗಿಯಾಗಿ ಸೌಂದರ್ಯ. ಮಳೆ ಸುಮ್ನೆ ಸುರೀತಾನೇ ಇರುತ್ತೆ, ಅವ್ಳು ಒಲೆ ಹಚ್ತಾಳೆ, ನೀರು ನೋಡ್ತಾಳೆ, ಮತ್ತೆ ಕೆಲ್ಸ. ಮೊದ್ಲಾಗಿದ್ರೆ ಏನೂ ಆಗ್ತಿಲ್ಲ ಅಂತಿದ್ದೆ, ಈಗ ಆ ಮಳೆ ಸದ್ದಿಗೇ ಎದೆ ಹೊಡ್ಕೊಳ್ತಿತ್ತು. ನೀರು ಏರೋದನ್ನ ಕಾಯ್ತಾ ಕೂತವರಿಗೆ ಹೊತ್ತು ಹಾಗೇ ಹೋಗೋದು, ಅದನ್ನ ಎರಡು ನಿಮಿಷದ ಹಾಡಲ್ಲಿ ತೋರ್ಸೋಕಾಗಲ್ಲ ಸಾರ್.

ಕೊನೆಗೆ ಮಳೆ ನಿಲ್ಲುತ್ತೆ, ಅಷ್ಟೆಲ್ಲಾ ಹೆಣಗಿ ಮನೆ ಉಳಿಸಿದವಳು ನಾಗಿ, ಗಂಡ ಗಣಪ ದೇವರು ಕಾಪಾಡಿದ ಅಂತಾನೆ. ಅವ್ವ ಒಲೆ ಪಕ್ಕ ಕೂತಿದ್ರು, "ಅವ್ಳು ಮಾಡಿದ್ದು ಯಾವ ಲೆಕ್ಕಕ್ಕೆ ಹೋಯ್ತು?" ಅಂದ್ರು. ನಂಗೆ ತಲೆ ಎತ್ತೋಕಾಗ್ಲಿಲ್ಲ. 2018ರಿಂದ ಯಾರು ಕೇಳಿದ್ರೂ ನಮ್ಮ ದೇವರು ಇಗ್ಗುತ್ತಪ್ಪ ಕಾಪಾಡಿದ ಅಂತಾನೇ ಹೇಳ್ತಾ ಬಂದಿದ್ದೀನಿ, ಅವ್ವನ ಹೆಸರು ಒಂದು ಸಲನೂ ಹೇಳಿಲ್ಲ.

ಆಮೇಲೆ ನಾನೇ ಹುಡುಕಿ ನೋಡೋಕೆ ಶುರು ಮಾಡಿದೆ. ತೇಜಸ್ವಿ ಅವರ ಕಥೆಯ 'ತಬರನ ಕಥೆ'ಯಲ್ಲಿ ಚಾರುಹಾಸನ್ ಪಿಂಚಣಿಗೋಸ್ಕರ ಒಂದು ಆಫೀಸಿಂದ ಇನ್ನೊಂದಕ್ಕೆ ಅಲೀತಾರೆ, ಹೆಂಡತಿ ಕಾಲು ಕೊಳೀತಾ ಇರುತ್ತೆ, ದುಡ್ಡು ಬರಲ್ಲ. ನಮ್ಮ ಆರ್‌ಟಿಸಿ ಇನ್ನೂ ಅಜ್ಜನ ಹೆಸರಲ್ಲಿದೆ ಅಂತ ಪರಿಹಾರದ ಫೈಲ್ ಹಿಡ್ಕೊಂಡು ನಾನು ಅಲೆದಿದ್ದೂ ಅಂಥದ್ದೇ ಬೆಂಚುಗಳ ಮೇಲೆ ಕೂತು. ಹಾಗಂತ ನಿಧಾನವಾಗಿರೋದೆಲ್ಲ ಒಳ್ಳೇದು ಅಂತ ನಾನು ಹೇಳ್ತಿಲ್ಲ, ಪ್ರಶಸ್ತಿಗೆ ಅಂತಾನೇ ಮಾಡಿದ, ಜೀವ ಇಲ್ಲದ ಚಿತ್ರನೂ ಒಂದೆರಡು ನೋಡಿದೆ, ಪೂರ್ತಿ ಕೂರೋಕಾಗ್ಲಿಲ್ಲ.

ನನ್ನ ಕೋರಿಕೆ ಇಷ್ಟೇ. ಕಾಸರವಳ್ಳಿ ಅವರ 'ಘಟಶ್ರಾದ್ಧ' 1977ರ ಚಿತ್ರ, ಅದನ್ನ ರಿಪೇರಿ ಮಾಡಿ ಹೊಸ ಪ್ರಿಂಟ್ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರ್ಸಿದ್ರು, ಬಹಳ ಸಂತೋಷ, ಹಾಗೇ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆಗೂ ಇಂಥ ಚಿತ್ರ ಬರ್ಲಿ. ಮಳೆಗಾಲದಲ್ಲಿ ತೋಟದ ಕೆಲ್ಸ ಕಡಿಮೆ ಇರುತ್ತೆ, ಕಾಲೇಜಿನ ಹಾಲ್, ಸಮುದಾಯ ಭವನ ಖಾಲಿ ಇರುತ್ತೆ, ಒಂದು ಪ್ರೊಜೆಕ್ಟರ್ ಸಾಕು. ನೀವು ವಾರಕ್ಕೆ ಕಾಲು ಪುಟ ಈ ಚಿತ್ರಗಳಿಗೆ ಕೊಟ್ರೆ ನಡೆಸೋರು ಮುಂದೆ ಬರ್ತಾರೆ. ಹಾರಂಗಿ ಹಿನ್ನೀರಲ್ಲಿ ಜಮೀನು ಕಳ್ಕೊಂಡ ಹಿರಿಯರು ಕುಶಾಲನಗರದ ಕಡೆ ಈಗಲೂ ಇದ್ದಾರೆ, 'ದ್ವೀಪ'ವನ್ನ ಮೊದ್ಲು ಅವರಿಗೆ ತೋರ್ಸಿ. ಈಗ ನಾವಿರೋ ಜಂಬೂರಲ್ಲಿ ತೋರ್ಸೋದಾದ್ರೆ ಕುರ್ಚಿ ಹಾಕೋ ಕೆಲ್ಸ ನಂದು, ಮುಂದಿನ ಸಾಲಲ್ಲಿ ಅವ್ವ ಇರ್ತಾರೆ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಜಂಬೂರು, ಕೊಡಗು