ಕೆಂಚನ ಬಾಯಿಯ ನೊರೆ, ಅಪ್ಪಯ್ಯನ ಬೆರಳು

ಟೌನ್ಸ್‌ವಿಲ್, ಕ್ವೀನ್ಸ್‌ಲ್ಯಾಂಡ್
ಭಾನುವಾರ

ಅಮ್ಮನಿಗೆ, ಅಪ್ಪಯ್ಯನಿಗೆ ನಮಸ್ಕಾರ.

ನಾವೆಲ್ಲ ಇಲ್ಲಿ ಕ್ಷೇಮ. ಪುಟ್ಟಿ ಟೈಪ್ ಮಾಡಿ ಕಳಿಸಿದ ನಿನ್ನ ಪತ್ರ ನಿನ್ನೆ ಸಂಜೆ ಸಿಕ್ಕಿತು. ಆಗಿನಿಂದ ಫೋನು ಮಾಡುತ್ತಲೇ ಇದ್ದೇನೆ, ಹತ್ತುತ್ತಿಲ್ಲ. ಮಳೆ ಹಿಡಿದರೆ ನಮ್ಮೂರ ಟವರಿನ ಕಥೆ ಗೊತ್ತೇ ಇದೆಯಲ್ಲ. ಅದಕ್ಕೇ ಎಲ್ಲ ಬರೆದು ಅವಳ ವಾಟ್ಸಾಪಿಗೆ ಹಾಕುತ್ತಿದ್ದೇನೆ, ಗುಡ್ಡದ ತಲೆಗೆ ಹೋದಾಗ ಇಳಿಯುತ್ತದೆ. ಅಡಿಕೆ ರೇಟು, ಸಾಗರದ ಸಂಬಂಧ, ಗೀತಕ್ಕನ ಮನೆಯ ಒಕ್ಕಲು, ಎಲ್ಲ ಆಮೇಲೆ ಮಾತಾಡೋಣ.

ಮೊದಲು ಅಪ್ಪಯ್ಯನ ಬೆರಳು. ನಮ್ಮ ನಾಯಿ ಕೆಂಚ ಮಳೆ ಬಿದ್ದ ರಾತ್ರಿ ಅಂಗಳದಲ್ಲಿ ಕಪ್ಪೆಯನ್ನು ಕಚ್ಚಿದ್ದು, ಬಾಯಲ್ಲಿ ನೊರೆ ಬಂದದ್ದು, ಅಪ್ಪಯ್ಯ ಬಾಯೊಳಗೆ ಕೈ ಹಾಕಿ ಕಪ್ಪೆ ತೆಗೆದದ್ದು, ಹಲ್ಲು ತಾಗಿ ರಕ್ತ ಬಂದದ್ದು, ಸುಬ್ಬಣ್ಣ ಬೇಲಿಯಾಚೆಯಿಂದ 'ಅದಕ್ಕೆ ಹುಚ್ಚು ಹಿಡಿದಿದೆ, ಹೊಡೆದು ಹಾಕಿ' ಅಂದದ್ದು, ಎಲ್ಲ ಬರೆದಿದ್ದೀಯ. ಅಪ್ಪಯ್ಯ ಆಸ್ಪತ್ರೆಗೆ ಹೋದರಾ ಅಂತ ಮಾತ್ರ ಬರೆದಿಲ್ಲ. ಹೋಗಿಲ್ಲ ಅಂತಲೇ ಅದರ ಅರ್ಥ, ನನಗೆ ಗೊತ್ತು.

ಹೆದರಬೇಡ. ಕೆಂಚನಿಗೆ ಆಗಿದ್ದು ನೆಲಗಪ್ಪೆಯ ವಿಷ ಅಂತಲೇ ಕಾಣುತ್ತದೆ, ಹುಚ್ಚಲ್ಲ. ಆದರೂ ಅಪ್ಪಯ್ಯ ಆಸ್ಪತ್ರೆಗೆ ಹೋಗಲೇಬೇಕು. ನಾಯಿಯ ಜೊಲ್ಲು ರಕ್ತ ಬಂದ ಗಾಯಕ್ಕೆ ತಾಗಿದೆ. 'ಕಾಣುತ್ತದೆ' ಅನ್ನುವುದನ್ನು ನಂಬಿ ರೇಬೀಸ್ ವಿಷಯದಲ್ಲಿ ಸುಮ್ಮನೆ ಕೂರುವ ಹಾಗಿಲ್ಲ, ಲಕ್ಷಣ ಕಾಣಿಸಿಕೊಂಡ ಮೇಲೆ ಅದಕ್ಕೆ ಮದ್ದಿಲ್ಲ. ದಿನ ಕಳೆದಿದ್ದರೂ ಪರವಾಗಿಲ್ಲ, ಇವತ್ತೇ ಹೋಗಲಿ. ಹೊರಡುವ ಮುಂಚೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ಗಾಯ ತೊಳೆಯಲಿ. ಗಡಿಯಾರ ನೋಡಿಕೊಂಡು 15 ನಿಮಿಷ, ಅಪ್ಪಯ್ಯನ ಅಂದಾಜಿನ 15 ಅಲ್ಲ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದೂ ಬೇಡ, ಬಟ್ಟೆ ಬಿಗಿದು ಕಟ್ಟುವುದೂ ಬೇಡ. ರೇಬೀಸ್ ಲಸಿಕೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಸಾಮಾನ್ಯವಾಗಿ ತೋಳಿನ ಚರ್ಮಕ್ಕೆ ಕೊಡುತ್ತಾರೆ: ಮೊದಲ ದಿನ (ಅದನ್ನು ಸೊನ್ನೆ ಅಂತ ಎಣಿಸಿ), ಆಮೇಲೆ 3, 7 ಮತ್ತು 28ನೇ ದಿನ. ಹಿಂದಿನ ಕಾಲದ ಹೊಕ್ಕುಳಿನ ಸುತ್ತಿನ ಸೂಜಿ ಈಗಿಲ್ಲ, ಅದನ್ನು ನೆನೆದು ಅವರು ಹಿಂಜರಿಯುವುದು ಬೇಡ. ರಕ್ತ ಬಂದ ಗಾಯವಾದ್ದರಿಂದ ಗಾಯದ ಸುತ್ತ ಹಾಕುವ ಇಮ್ಯುನೊಗ್ಲೋಬುಲಿನ್ (ಕೂಡಲೇ ಕೆಲಸ ಮಾಡುವ ಸಿದ್ಧ ಪ್ರತಿಕಾಯದ ಮದ್ದು) ಬೇಕೇ ಅಂತ ನೀವೇ ಬಾಯಿ ಬಿಟ್ಟು ಕೇಳಿ. ಅಲ್ಲಿ ಇಲ್ಲದಿದ್ದರೆ ಎಲ್ಲಿ ಸಿಗುತ್ತದೆ ಅಂತಲೂ ಕೇಳಿ. ಟಿಟಿ ಇಂಜೆಕ್ಷನ್ ಒಂದು ತಗೊಂಡು ಮುಗಿಯಿತು ಅಂದುಕೊಂಡು ಬರುವುದಲ್ಲ, ಅದು ಧನುರ್ವಾಯುವಿಗೆ ಮಾತ್ರ.

ಕೆಂಚನನ್ನು ಯಾರೂ ಹೊಡೆಯಕೂಡದು. ದಯೆ ಅಂತ ಮಾತ್ರ ಹೇಳುತ್ತಿಲ್ಲ. ಕಚ್ಚಿದ ದಿನದಿಂದ 10 ದಿನ ನಾಯಿ ಉಂಡುಕೊಂಡು ಆರೋಗ್ಯವಾಗಿದ್ದರೆ ಅವತ್ತು ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲ ಅಂತ ತಿಳಿಯುತ್ತದೆ. ಕೊಂದರೆ ಆ ದಾರಿಯೇ ಮುಚ್ಚಿಹೋಗುತ್ತದೆ. ಕೊಟ್ಟಿಗೆಯ ಪಕ್ಕ ಗಟ್ಟಿ ಸರಪಳಿಯಲ್ಲಿ ಕಟ್ಟಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಅನ್ನ ನೀರು ದೂರದಿಂದ ತಳ್ಳಿ. ಅಷ್ಟರಲ್ಲಿ ಅಪ್ಪಯ್ಯನ ಸೂಜಿ ಶುರುವಾಗಿರಲಿ. ನಡುವೆ ನಿಲ್ಲಿಸುವುದಿದ್ದರೆ ಡಾಕ್ಟರು ಹೇಳಬೇಕು, ಅಪ್ಪಯ್ಯ ಅಲ್ಲ.

ಸುಬ್ಬಣ್ಣನಿಗೆ ಹೇಳಬೇಕಾದ್ದು ಇದು. ಕಪ್ಪೆಯ ನೊರೆ ಚೆನ್ನಾಗಿದ್ದ ನಾಯಿಗೆ ನಿಂತ ನಿಲುವಿನಲ್ಲಿ ಬರುತ್ತದೆ, ಹೆಚ್ಚಾಗಿ ಮಳೆಯ ರಾತ್ರಿ. ಕಚ್ಚಿದ ಕೆಲವೇ ನಿಮಿಷದಲ್ಲಿ ಜೊಲ್ಲು ಸುರಿಯುತ್ತದೆ, ನಾಯಿ ಮುಂಗಾಲಲ್ಲಿ ಬಾಯಿ ಉಜ್ಜಿಕೊಳ್ಳುತ್ತದೆ, ತಲೆ ಕೊಡವುತ್ತದೆ, ವಸಡು ಕೆಂಪೇರುತ್ತದೆ. ಬಾಯಿ ತೊಳೆದರೆ ಸಾಮಾನ್ಯವಾಗಿ ಕೆಲವು ಗಂಟೆಯೊಳಗೆ ಹತೋಟಿಗೆ ಬರುತ್ತದೆ. ರೇಬೀಸ್ ಹಾಗಲ್ಲ. ಅದರಲ್ಲಿ ನಡತೆ ಬದಲಾಗುತ್ತದೆ, ಕೂಗು ಒಡೆಯುತ್ತದೆ, ಕೆಳದವಡೆ ಜೋಲುತ್ತದೆ, ನುಂಗಲಾರದೆ ಜೊಲ್ಲು ಇಳಿಯುತ್ತದೆ, ದಿನದಿಂದ ದಿನಕ್ಕೆ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಇನ್ನೆರಡು ಸಾಧ್ಯತೆಯನ್ನೂ ಮರೆಯಬೇಡಿ. ತೋಟಕ್ಕೆ ಹೊಡೆವ ಕೀಟನಾಶಕ ನೆಕ್ಕಿದರೂ ಜೊಲ್ಲು ಬರುತ್ತದೆ, ಆಗ ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿ ಮೈಯ ಮಾಂಸ ಅದುರುತ್ತದೆ. ನಾಗರಹಾವು ಕಚ್ಚಿದರೂ ಜೊಲ್ಲು ಬರುತ್ತದೆ, ಆದರೆ ಕಾಲು ಸೋತು ರೆಪ್ಪೆ ಎತ್ತಲಾಗುವುದಿಲ್ಲ. ಈ ಎರಡಕ್ಕೂ ಬಾಯಿ ತೊಳೆಯುತ್ತ ಕೂತರೆ ಹೊತ್ತು ಹಾಳು, ಸೀದಾ ಪಶು ಆಸ್ಪತ್ರೆಗೆ.

ಇಲ್ಲಿ ಈ ಗೊಂದಲವೇ ಇಲ್ಲ. ಆಸ್ಟ್ರೇಲಿಯಾದ ನಾಯಿಗಳಲ್ಲಿ ರೇಬೀಸ್ ಇಲ್ಲವಾದ್ದರಿಂದ ನೊರೆ ಕಂಡರೆ ಜನ ಮೊದಲು 'ಟೋಡ್', ಅಂದರೆ ನೆಲಗಪ್ಪೆ, ಅಂತಾರೆ, ಹೆದರದೆ ಬಾಯೊಳಗೆ ಕೈ ಹಾಕುತ್ತಾರೆ. ಅದಕ್ಕೇ ಇಲ್ಲಿಯ ಕ್ರಮವನ್ನು ಇದ್ದಹಾಗೆ ನಿಮಗೆ ಹೇಳುವಂತಿಲ್ಲ. ಇಲ್ಲಿಯ ಕಪ್ಪೆ ಬೇರೆ, ಕೇನ್ ಟೋಡ್ ಅಂತ. ದಕ್ಷಿಣ ಅಮೆರಿಕದ ಕಡೆಯದು. 1935ರಲ್ಲಿ ಹವಾಯಿಯಿಂದ ನೂರು ಚಿಲ್ಲರೆ ಕಪ್ಪೆ ತರಿಸಿ, ನಮ್ಮಿಂದ ಉತ್ತರಕ್ಕೆ 300 ಕಿಲೋಮೀಟರಿಗೂ ಆಚೆಯ ಗಾರ್ಡನ್‌ವೇಲಿನಲ್ಲಿ ಮರಿ ಮಾಡಿಸಿ, ಕಬ್ಬಿನ ದುಂಬಿ ತಿನ್ನಲಿ ಅಂತ ಗದ್ದೆಗೆ ಬಿಟ್ಟರು. ದುಂಬಿ ಕಬ್ಬಿನ ತುದಿಯಲ್ಲಿ, ಅದರ ಹುಳು ಮಣ್ಣಿನಡಿ ಬೇರಿನಲ್ಲಿ, ಕಪ್ಪೆ ನೆಲದ ಮೇಲೆ. ಒಂದಕ್ಕೊಂದು ಭೇಟಿಯೇ ಇಲ್ಲ! ಒಂದು ಹೆಣ್ಣು ಒಂದು ಸಲಕ್ಕೆ 8,000ದಿಂದ 30,000 ಮೊಟ್ಟೆ ಇಡುತ್ತದೆ. ಈಗ ದೇಶದ ಆ ತುದಿಯ ಕಿಂಬರ್ಲಿವರೆಗೂ ಹೋಗಿದೆ. 2023ರ ಜನವರಿಯಲ್ಲಿ ಕಾನ್ವೇ ನ್ಯಾಷನಲ್ ಪಾರ್ಕಿನಲ್ಲಿ 2.7 ಕೆ.ಜಿ. ತೂಗುವುದೊಂದು ಸಿಕ್ಕಿತ್ತು. ಕಪ್ಪೆಯನ್ನು ಚೀಲದಲ್ಲಿ ಹಾಕಿ ಫ್ರಿಜ್ಜಿನಲ್ಲಿ ತಣ್ಣಗೆ ಮಾಡಿ, ಆಮೇಲೆ ಫ್ರೀಜರಿಗೆ ಸೇರಿಸುವವರೂ ಇಲ್ಲಿದ್ದಾರೆ, ಐಸ್‌ಕ್ರೀಮಿನ ಪಕ್ಕದಲ್ಲೇ. ನೀನು ಮಡಿ ಅಂತ ಕೂಗಾಡಬೇಡ, ನಮ್ಮ ಫ್ರಿಜ್ಜಿನಲ್ಲಿ ಬರೀ ದೋಸೆಹಿಟ್ಟು. ಹಾಗಂತ ಇವರನ್ನು ನೋಡಿ ನಗುವ ಹಾಗೂ ಇಲ್ಲ. ನಾಯಿಗೆ ಕಪ್ಪೆ ವಿಷ ತಾಗಿದರೆ ಏನು ಮಾಡಬೇಕು ಅಂತ ಇಲ್ಲಿ ಶಾಲೆ ಮಕ್ಕಳೂ ಹೇಳುತ್ತಾರೆ.

ನಮ್ಮ ಅಂಗಳದ ನೆಲಗಪ್ಪೆಯ ವಿಷ ಇಲ್ಲಿಯದರಷ್ಟು ಜೋರಲ್ಲ, ಆದರೆ ಕೆಲಸ ಮಾಡುವ ರೀತಿ ಅದೇ. ಕಣ್ಣಿನ ಹಿಂದೆ ಎರಡು ಉಬ್ಬು ಇರುತ್ತವಲ್ಲ, ಅದರಲ್ಲಿದೆ ವಿಷ. ಹಲ್ಲು ಒತ್ತಿದಾಗ ಹಾಲಿನಂಥ ಅಂಟು ರಸ ಬರುತ್ತದೆ. ನುಂಗಬೇಕೆಂದಿಲ್ಲ, ವಸಡು ನಾಲಿಗೆಯಿಂದಲೇ ರಕ್ತಕ್ಕೆ ಸೇರುತ್ತದೆ. ದೊಡ್ಡಪ್ಪ ಎದೆಗೆ ನುಂಗುವ ಡಿಗಾಕ್ಸಿನ್ ಮಾತ್ರೆ ಹೃದಯವನ್ನು ಹೇಗೆ ಹಿಡಿಯುತ್ತದೋ ಈ ರಸವೂ ಹಾಗೇ ಹಿಡಿಯುತ್ತದೆ. ಸಣ್ಣ ನಾಯಿಗೆ, ಮರಿಗೆ ಅಪಾಯ ಹೆಚ್ಚು. ಗದ್ದೆಯಲ್ಲಿ ವಟಗುಟ್ಟುವ ನುಣುಪು ಮೈಯ ದೊಡ್ಡ ಕಪ್ಪೆಗೆ ಈ ಉಬ್ಬುಗಳಿಲ್ಲ. ಅದನ್ನು ಹಿಡಿದು ಏನೂ ಆಗದ ನಾಯಿ ಧೈರ್ಯವಾಗಿ ಇದಕ್ಕೂ ಬಾಯಿ ಹಾಕುತ್ತದೆ.

ಮುಂದೆ ಹೀಗಾದರೆ ಅಂಟಿದ ರಸವನ್ನು ಬಾಯಿಂದ ಒರೆಸಿ ತೆಗೆಯುವುದೇ ಮುಖ್ಯ ಕೆಲಸ. ಹಳೇ ಪಂಚೆಯ ಅಂಗೈಯಗಲದ ಏಳೆಂಟು ತುಂಡು, ಒಂದು ಬಕೆಟ್ ನೀರು, ದಪ್ಪ ರಬ್ಬರ್ ಕೈಗವಸು ಹಿತ್ತಿಲ ಬಾಗಿಲಲ್ಲಿ ಇಟ್ಟಿರಿ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವಾಗ ಹಾಕುವ ಕೈಗವಸು ಬೇಡ, ಅದರಲ್ಲಿ ಮೈಲುತುತ್ತ ಇರುತ್ತದೆ. ಒದ್ದೆ ಬಟ್ಟೆಯಿಂದ ತುಟಿಯ ಒಳಮೈ, ವಸಡು, ನಾಲಿಗೆ, ಅಂಗುಳ ಒರೆಸಿ. ಪ್ರತಿ ಸಲವೂ ಬಟ್ಟೆ ಹಿಂಡಿ ತೊಳೆಯಿರಿ, ಇಲ್ಲದಿದ್ದರೆ ಅದೇ ವಿಷವನ್ನು ತಿರುಗಿ ಬಳಿದ ಹಾಗೆ. 10ರಿಂದ 15 ನಿಮಿಷ ಬಿಡದೆ ಮಾಡಬೇಕು. ಪೈಪಿನ ನೀರಾದರೆ ತಲೆ ಕೆಳಗೆ ಬಾಗಿಸಿ, ಬಾಯಿಯ ಒಂದು ಮೂಲೆಯಿಂದ ಸಣ್ಣಗೆ ಬಿಟ್ಟು ಮುಂದಕ್ಕೆ ಹರಿಯಲು ಬಿಡಿ. ಗಂಟಲಿಗೆ ಎದುರಾಗಿ ಬಿಟ್ಟರೆ ಪುಪ್ಪುಸಕ್ಕೆ ಹೋಗುತ್ತದೆ. ಕಪ್ಪೆಯಿಂದ ಉಳಿದ ನಾಯಿ ನೀರಿನಿಂದ ಸಾಯುವುದು ಹೀಗೆ. ರೇಬೀಸ್ ಲಸಿಕೆ ಬಾಕಿ ಇರುವ ನಾಯಿಗೆ, ಕಪ್ಪೆ ಹಿಡಿದದ್ದನ್ನು ಕಣ್ಣಾರೆ ನೋಡಿರದಿದ್ದರೆ, ಬಾಯೊಳಗೆ ಕೈ ಹಾಕುವುದೇ ಬೇಡ. ಪೈಪಿನ ನೀರು ಮಾತ್ರ, ಅದೂ ದೂರದಿಂದ.

ಮಜ್ಜಿಗೆ, ಹಾಲು, ಕೊಬ್ಬರಿ ಎಣ್ಣೆ ಹೊಯ್ಯಬೇಡಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದಂತೂ ಬೇಡವೇ ಬೇಡ, ಉಪ್ಪೇ ಇನ್ನೊಂದು ವಿಷವಾಗುತ್ತದೆ. ಒರೆಸಿದ ಮೇಲೆ ಕತ್ತಲೆ ಕೋಣೆಯಲ್ಲಿ ಕಟ್ಟಿ ನೋಡುತ್ತಿರಿ. ಎಡ ಮೊಣಕೈಯ ಹಿಂದೆ ಎದೆಯ ಮೇಲೆ ಕೈಯಿಟ್ಟರೆ ಬಡಿತ ಸಿಗುತ್ತದೆ. ಸುಮ್ಮನೆ ಮಲಗಿದ ಕೆಂಚನಂಥ ನಾಯಿಗೆ ನಿಮಿಷಕ್ಕೆ 70ರಿಂದ 120. ಉಸಿರಿಗೆ ತಕ್ಕ ಹಾಗೆ ತುಸು ಏರಿಳಿತ ನಾಯಿಗೆ ಸಹಜ, ಗಾಬರಿ ಬೇಡ. ತಾಳ ಪೂರಾ ತಪ್ಪಿದರೆ, ಓಲಾಡಿ ನಡೆದರೆ, ಕಣ್ಣುಗುಡ್ಡೆ ಒಂದೆಡೆ ನಿಲ್ಲದೆ ಅತ್ತಿತ್ತ ಓಡಿದರೆ, ವಾಂತಿ ನಿಲ್ಲದಿದ್ದರೆ, ಸೆಟೆದುಕೊಂಡರೆ ಅಥವಾ ಕಪ್ಪೆಯನ್ನು ಇಡಿಯಾಗಿ ನುಂಗಿದ್ದರೆ ಕಾಯಬೇಡಿ, ರಾಜುವಿನ ಜೀಪು ಕರೆಸಿ. ಸೆಟೆದಾಗ ಬಾಯಿಗೆ ಬಟ್ಟೆ, ಚಮಚ ಏನೂ ತುರುಕಬೇಡಿ. ಪಶು ಇಲಾಖೆಯ 1962 ನಂಬರನ್ನು ಗೋಡೆಗೆ ಬರೆದಿಡಿ. ಇದಕ್ಕೆ ಅಂತ ಸಾಮಾನ್ಯವಾಗಿ ಕೈಗೆ ಸಿಗುವ ಪ್ರತಿವಿಷ ಇಲ್ಲ. ಸೆಟೆತಕ್ಕೆ, ಹೃದಯಕ್ಕೆ ಬೇರೆಬೇರೆ ಔಷಧಿ, ಜೊತೆಗೆ ಡ್ರಿಪ್ಪು ಕೊಟ್ಟು ಡಾಕ್ಟರು ಸಂಭಾಳಿಸುತ್ತಾರೆ.

ಒಂದು ಸಲ ಕಹಿ ಉಂಡರೆ ನಾಯಿ ಕಲಿಯುತ್ತದೆ ಅನ್ನುವುದನ್ನು ನಂಬಬೇಡ. ಕೆಲವು ಕಲಿಯುತ್ತವೆ, ಇಲ್ಲಿಯ ಟೆರಿಯರ್ ಜಾತಿಯವು ಒಂದೇ ಮಳೆಗಾಲದಲ್ಲಿ ಮತ್ತೆಮತ್ತೆ ಪಶು ಆಸ್ಪತ್ರೆಗೆ ಬರುತ್ತವೆ. ಕೆಂಚನ ಊಟ ಕತ್ತಲಾಗುವ ಮುಂಚೆಯೇ ಮುಗಿಸಿ ತಟ್ಟೆ ಒಳಗಿಡು, ಚೆಲ್ಲಿದ ಅನ್ನಕ್ಕೆ ಹುಳ, ಹುಳಕ್ಕೆ ಕಪ್ಪೆ. ನೀರಿನ ಬಾನಿಯನ್ನು ಮೊಣಕಾಲೆತ್ತರದ ಕಲ್ಲಿನ ಮೇಲಿಡು, ಕಪ್ಪೆ ರಾತ್ರಿ ನೀರಲ್ಲಿ ಕೂತೆದ್ದು ಹೋಗುತ್ತದೆ, ಬೆಳಿಗ್ಗೆ ಚೆಲ್ಲಿ ಹೊಸ ನೀರು ತುಂಬು. ಜಗಲಿಯ ದೊಡ್ಡ ಲೈಟು ಕೆಂಚನನ್ನು ಕಟ್ಟುವ ಕಡೆ ಉರಿಯುವುದು ಬೇಡ. ಮಳೆ ಬಿದ್ದ ರಾತ್ರಿ ಬಿಡುವುದಾದರೆ ಹಗ್ಗ ಹಿಡಿದುಕೊಂಡು, ಬ್ಯಾಟರಿ ಹಾಕಿಕೊಂಡು. ಹಾಗಂತ ನಮ್ಮ ಕಪ್ಪೆಗಳನ್ನು ಯಾರೂ ಕೊಲ್ಲಬೇಡಿ. ಇಲ್ಲಿ ಅವು ಹೊರಗಿನವು, ಅಲ್ಲಿ ಅವು ಮನೆಯವು, ತೋಟದ ಹುಳ ತಿಂದು ಬದುಕುವವು.

ಕೆಂಚ ಹೆಗ್ಗಣ ಹಿಡಿಯುವ ವಿಷಯಕ್ಕೆ ಒಂದೇ ಮಾತು. ಇಲಿ ಪಾಷಾಣ ತಿಂದ ಹೆಗ್ಗಣವನ್ನು ನಾಯಿ ತಿಂದರೂ ವಿಷವೇ, ಇಲಿಜ್ವರವೂ ಬಂದೀತು. ಕೆಂಚನ ಲಸಿಕೆ ಪುಸ್ತಕ ಹುಡುಕು. ರೇಬೀಸ್ ವರ್ಷಕ್ಕೊಂದು, ಇಲಿಜ್ವರ ಸೇರಿದ ಇನ್ನೊಂದೂ ವರ್ಷಕ್ಕೊಂದು. ಒಂದು ವರ್ಷದೊಳಗಿನ ಸೀಲು ಇಲ್ಲದಿದ್ದರೆ, ಈ 10 ದಿನ ಕಳೆದ ಮೇಲೆ ಎರಡೂ ಹಾಕಿಸಿ. ದುಡ್ಡು ಪುಟ್ಟಿಯ ಖಾತೆಗೆ ಹಾಕಿದ್ದೇನೆ, ಅದನ್ನು ಗೊಬ್ಬರಕ್ಕೆ ಅಂತ ಅಪ್ಪಯ್ಯ ತೆಗೆಯುವುದು ಬೇಡ.

ನೀನು ಹೆದರಬೇಡ, ಸೂಜಿ ಬೇಗ ಶುರುಮಾಡಿ ಪೂರ್ತಿ ಹಾಕಿಸಿದರೆ ರೇಬೀಸ್ ಬಾರದಂತೆ ತಡೆಯಬಹುದು. ಇವತ್ತೇ ಹೊರಡಿಸು, ಇವತ್ತು ಆಗದೇ ಹೋದರೆ ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೇ. ಆಸ್ಪತ್ರೆಯ ಚೀಟಿಯ ಫೋಟೋ ತೆಗೆದು ಪುಟ್ಟಿ ನನಗೆ ಕಳಿಸಲಿ, ಮುಂದಿನ ತಾರೀಕುಗಳು ಅದರಲ್ಲಿ ಕಾಣುವ ಹಾಗೆ. ಇವರೂ ಮಕ್ಕಳೂ ನಮಸ್ಕಾರ ಹೇಳಿದ್ದಾರೆ. ಡ್ಯೂಟಿಗೆ ಹೊತ್ತಾಯಿತು.

ಇಂತಿ,
ಸುಧಾ