ಮಾಯೆ ಕವಿದವನ ಬಾಯಿ

ಪ್ರೀತಿಯ ಮಗೂ,

ನಿನ್ನ ನಾಟಕದ ಹಸ್ತಪ್ರತಿ ಬಂತು, ಜೊತೆಗಿಟ್ಟ ಕಾಗದವೂ ಸಿಕ್ಕಿತು. ‘ಇದು ನನ್ನ ಕೈಲಾಗುವ ಕೆಲಸವಲ್ಲ ಅನ್ನಿಸಿಬಿಟ್ಟಿದೆ’ ಅಂತ ಬರೆದಿದ್ದೀಯಲ್ಲ, ಅದನ್ನು ಓದಿ ಮನಸ್ಸಿಗೆ ಸಂಕಟವಾಯಿತು. ಯಾವ ಸ್ಪರ್ಧೆಗೆ ಕಳಿಸಬೇಕು, ಎಷ್ಟು ದೃಶ್ಯ ಇರಬೇಕು, ಡಿಟಿಪಿ ಮಾಡಿಸಬೇಕೇ ಅಂತೆಲ್ಲ ಕೇಳಿದ್ದೀಯ. ಅದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ನಾನು ಹೇಳಬೇಕಾದ್ದು ನಿನ್ನ ಕೋಣದ ವಿಷಯ.

ಗುಮಾಸ್ತ ಕೋಣವಾಗುತ್ತಾನೆ. ಒಳ್ಳೆಯದು, ಆಗಲಿ. ಆದರೆ ಆದ ಮರುಕ್ಷಣವೇ ರಂಗದ ನಡುವೆ ಬಂದು ನಿಂತು ಮನುಷ್ಯನ ಕ್ರೌರ್ಯದ ಬಗ್ಗೆ ಎರಡು ಪುಟ ಭಾಷಣ ಬಿಗಿಯುತ್ತಾನೆ. ಕಾಲೇಜಿನಲ್ಲಿ ಓದಿದಾಗ ಆ ಭಾಷಣಕ್ಕೇ ಎಲ್ಲಕ್ಕಿಂತ ಜೋರು ಚಪ್ಪಾಳೆ ಬಿತ್ತು ಅಂತ ಹೆಮ್ಮೆಯಿಂದ ತಿಳಿಸಿದ್ದೀಯ. ಆ ಚಪ್ಪಾಳೆಯನ್ನು ನಂಬಬೇಡ. ಅದು ಬಿದ್ದದ್ದು ನಿನ್ನ ಅಭಿಪ್ರಾಯಕ್ಕೆ. ಆ ಎರಡು ಪುಟಗಳಲ್ಲಿ ಗುಮಾಸ್ತ ಎಲ್ಲೂ ಇಲ್ಲ. ಅವನನ್ನು ಆಚೆ ಕಳಿಸಿ ಅವನ ಜಾಗದಲ್ಲಿ ನೀನು ನಿಂತಿದ್ದೀಯ.

ಷೇಕ್ಸ್‌ಪಿಯರನ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ತೆಗೆದುಕೊಂಡು ಮೂರನೆಯ ಅಂಕ ಓದು. 1600ರಲ್ಲಿ ಅಚ್ಚಾದ ನಾಟಕ. ನಮ್ಮ ಎಂ. ಎಲ್. ಶ್ರೀಕಂಠೇಶಗೌಡರು ಇದನ್ನೇ ‘ಪ್ರಮೀಳಾರ್ಜುನೀಯ’ವಾಗಿ ತಂದರು, ಆದರೆ ನೀನು ಮೂಲಕ್ಕೇ ಹೋಗು. ಬಾಟಮ್ ಅನ್ನುವ ನೇಕಾರ ಕಾಡಿನಲ್ಲಿ ಗೆಳೆಯರ ಜೊತೆ ನಾಟಕದ ತಾಲೀಮು ಮಾಡುತ್ತಿರುತ್ತಾನೆ. ಪಕ್ ಅನ್ನುವ ತುಂಟ ಕಿನ್ನರ ಅವನಿಗೆ ಕತ್ತೆಯ ತಲೆ ಅಂಟಿಸುತ್ತಾನೆ. ಗೆಳೆಯರು ಕಂಗಾಲಾಗಿ ಓಡುತ್ತಾರೆ. ಇವನಿಗೆ ತನ್ನ ತಲೆಯ ಸುದ್ದಿಯೇ ಗೊತ್ತಿಲ್ಲ. ನನ್ನನ್ನು ಹೆದರಿಸಲು ಹೂಡಿದ ಆಟ ಇದು ಅಂದುಕೊಂಡು, ಹೆದರಿಲ್ಲ ಅಂತ ತೋರಿಸಲು ಹಾಡು ಹೇಳುತ್ತ ಅತ್ತಿತ್ತ ಅಡ್ಡಾಡುತ್ತಾನೆ. ಎದ್ದಾಗ ಮೊದಲು ಕಂಡವರನ್ನೇ ಪ್ರೀತಿಸುವಂತೆ ಮಾಡುವ ಹೂವಿನ ರಸ ಕಣ್ಣಿಗೆ ಬಿದ್ದ ಕಿನ್ನರ ರಾಣಿ ಟೈಟಾನಿಯಾ ಎದ್ದು, ನಿನ್ನನ್ನು ಪ್ರೀತಿಸುತ್ತೇನೆ ಅನ್ನುತ್ತಾಳೆ. ನಿಮಗೆ ಅದಕ್ಕೆ ಅಂಥ ಕಾರಣವೇನೂ ಕಾಣೆ, ಆದರೂ ಈಗಿನ ಕಾಲದಲ್ಲಿ ವಿವೇಕಕ್ಕೂ ಪ್ರೀತಿಗೂ ಅಷ್ಟಾಗಿ ಒಡನಾಟವಿಲ್ಲ ಬಿಡಿ, ಅನ್ನುತ್ತಾನೆ ಬಾಟಮ್. ಅವನ ಸೇವೆಗೆ ಬಂದ ಕಿನ್ನರರಲ್ಲಿ ಒಬ್ಬನ ಹೆಸರು ಜೇಡರಬಲೆ. ಗಾಯದ ರಕ್ತ ನಿಲ್ಲಿಸಲು ಜೇಡರಬಲೆ ಮೆತ್ತುತ್ತಿದ್ದ ಕಾಲ ಅದು. ಹಾಗಾಗಿ ಬಾಟಮ್, ಬೆರಳು ಕುಯ್ದುಕೊಂಡರೆ ನಿಮ್ಮ ಹತ್ತಿರ ಬರುತ್ತೇನೆ ಸ್ವಾಮಿ, ಅನ್ನುತ್ತಾನೆ. ಕೈಕಸುಬಿನವನಿಗೆ ಮೊದಲು ಹೊಳೆಯುವುದು ಬೆರಳೇ ಅಲ್ಲವೇ? ಮುಂದಿನ ಅಂಕದಲ್ಲಿ ಮುಖದ ತುಂಬ ವಿಪರೀತ ಕೂದಲು ಬಂದಂತಿದೆ, ಕ್ಷೌರಕ್ಕೆ ಹೋಗಬೇಕು ಅನ್ನುತ್ತಾನೆ. ಒಂದು ಕಂತೆ ಹುಲ್ಲು ಸಿಕ್ಕಿದರೆ ಚೆನ್ನಾಗಿತ್ತು ಅನ್ನುತ್ತಾನೆ.

ತಲೆ ಕತ್ತೆಯದು, ಬಾಯಿ ನೇಕಾರನದು. ನಾನು ನಿನಗೆ ಹೇಳಬೇಕು ಅಂದುಕೊಂಡದ್ದೆಲ್ಲ ಇಷ್ಟೇ. ಮಾಯೆ ಕವಿದವನು ಮೊದಲಿಗಿಂತ ಹೆಚ್ಚಾಗಿ ಅವನೇ ಆಗಬೇಕು.

ಮನುಷ್ಯ ಕತ್ತೆಯಾಗಿ ಅನುಭವಿಸುವ ಪಾಡನ್ನು ಅಪುಲೀಯಸ್ ಅನ್ನುವ ಹಳೆಯ ಕಥೆಗಾರ ಲ್ಯಾಟಿನ್ನಿನಲ್ಲಿ ಬಹಳ ಹಿಂದೆಯೇ ಹೇಳಿದ್ದ. 1566ರಲ್ಲಿ ಆಡ್ಲಿಂಗ್ಟನ್ ಅದನ್ನು ಇಂಗ್ಲಿಷಿಗೆ ತಂದ. ಅಲ್ಲಿ ಕಥಾನಾಯಕ ಲೂಸಿಯಸ್ ಪೂರ್ತಿ ಕತ್ತೆಯಾಗುತ್ತಾನೆ, ಒಳಗಿನ ಮನುಷ್ಯ ಹಾಗೇ ಉಳಿದು ಎಲ್ಲವನ್ನೂ ನೋಡಿ ನರಳುತ್ತಾನೆ. ಕಥೆಯಲ್ಲಿ ಅದು ಸೊಗಸಾಗಿ ನಡೆಯುತ್ತದೆ, ಹೇಳುವವನು ಅವನೇ ತಾನೇ. ರಂಗದ ಮೇಲೆ ಹಾಗೆ ನರಳಿದರೆ ಭಾಷಣವಾಗುತ್ತದೆ. ನಿನಗೆ ಆದದ್ದೂ ಅದೇ.

ನಿನ್ನ ಹಸ್ತಪ್ರತಿಯಲ್ಲಿ ಕಂಸದೊಳಗೆ ‘ದಟ್ಟ ಹೊಗೆ, ಮಿಂಚು, ನಗಾರಿಯ ಸದ್ದು’ ಅಂತ ಬರೆದದ್ದನ್ನು ನೋಡಿ ನನ್ನ ಹಳೆಯ ಸಿಟ್ಟು ಮತ್ತೆ ಎದ್ದಿತು. ನನ್ನದೊಂದು ನಾಟಕದಲ್ಲಿ ಅಜ್ಜಿ ಹುಣಸೆಮರವಾಗುತ್ತಾಳೆ. ಅದನ್ನು ಮಗಳು ನಾಲ್ಕು ಸಾಲಿನಲ್ಲಿ, ಕಂಡದ್ದನ್ನು ಕಂಡ ಹಾಗೆ ಹೇಳುತ್ತಾಳೆ, ಅಷ್ಟೇ. ನಿರ್ದೇಶಕರು ಆ ನಾಲ್ಕು ಸಾಲು ಕಿತ್ತುಹಾಕಿ ಹೊಗೆ ಬಿಟ್ಟರು, ನೀಲಿ ಬೆಳಕು ಬಿಟ್ಟರು. ಜನ ಬೆರಗಾಗಿ ಚಪ್ಪಾಳೆ ತಟ್ಟಿದರು. ಅಜ್ಜಿಗೆ ಏನಾಯಿತು ಅನ್ನುವುದು ಮಾತ್ರ ಯಾರ ಎದೆಗೂ ಇಳಿಯಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಷೇಕ್ಸ್‌ಪಿಯರನ ಕಾಲದ ಲಂಡನ್ನಿನ ಬಯಲು ರಂಗಮಂದಿರಗಳಲ್ಲಿ ನಾಟಕ ನಡೆಯುತ್ತಿದ್ದದ್ದು ಮಧ್ಯಾಹ್ನದ ಬೆಳಕಿನಲ್ಲಿ. ರಾತ್ರಿ, ಕಾಡು, ಬೆಳದಿಂಗಳು ಎಲ್ಲವೂ ಮಾತಿನಿಂದಲೇ ಏಳಬೇಕಿತ್ತು. ಅದೇ ನಾಟಕದ ಕಿನ್ನರ ರಾಜ ಓಬೆರಾನ್ ‘ನಾನು ಅದೃಶ್ಯ’ ಅನ್ನುತ್ತಾನೆ, ಸಾವಿರಾರು ಕಣ್ಣುಗಳ ಎದುರಿಗೇ ಅದೃಶ್ಯನಾಗುತ್ತಾನೆ. ರೋಸ್ ರಂಗಮಂದಿರದ ಒಡೆಯ ಫಿಲಿಪ್ ಹೆನ್ಸ್‌ಲೋ 1598ರಲ್ಲಿ ಮಾಡಿಟ್ಟ ಉಡುಪಿನ ಪಟ್ಟಿಯಲ್ಲಿ ‘ಅದೃಶ್ಯವಾಗಿ ಓಡಾಡಲು ಒಂದು ನಿಲುವಂಗಿ’ ಅಂತ ಒಂದು ಬಾಬತ್ತು ಇದೆ. ಅದನ್ನು ತೊಟ್ಟವನು ಎಲ್ಲರಿಗೂ ಕಾಣುತ್ತಿದ್ದ, ಕಾಣುತ್ತಿಲ್ಲ ಅಂತ ಎಲ್ಲರೂ ಒಪ್ಪಿಕೊಳ್ಳುತ್ತಿದ್ದರು. ನೋಡುವವರ ಮೇಲೆ ಅಷ್ಟು ನಂಬಿಕೆ ನಿನಗೂ ಬರಬೇಕು.

ಷೇಕ್ಸ್‌ಪಿಯರನಿಗಿಂತ ತುಸು ಹಿರಿಯ ನಾಟಕಕಾರ ಜಾನ್ ಲಿಲಿಯ ‘ಗ್ಯಾಲತಿಯಾ’ದ ಹೆಸರು ನಮ್ಮ ತರಗತಿಗಳಲ್ಲಿ ಕೇಳುವುದೇ ಅಪರೂಪ, ನನಗೆ ಅದು ಪ್ರಾಣ. 1592ರಲ್ಲಿ ಅಚ್ಚಾಯಿತು, ಸೇಂಟ್ ಪಾಲ್ಸ್‌ನ ಹುಡುಗರು ಗ್ರೀನಿಚ್ ಅರಮನೆಯಲ್ಲಿ ಹೊಸ ವರ್ಷದ ರಾತ್ರಿ ಎಲಿಜಬೆತ್ ರಾಣಿಯ ಎದುರು ಆಡಿದ್ದು. ಊರಿನ ಅತಿ ಚೆಲುವೆಯಾದ ಕನ್ಯೆಯನ್ನು ಸಮುದ್ರದೇವನಿಗೆ ಬಲಿ ಕೊಡಬೇಕು. ಇಬ್ಬರು ಅಪ್ಪಂದಿರು ಒಬ್ಬರಿಗೊಬ್ಬರು ತಿಳಿಯದಂತೆ ತಮ್ಮ ತಮ್ಮ ಮಗಳಿಗೆ ಗಂಡುವೇಷ ಹಾಕಿ ಕಾಡಿಗೆ ಅಟ್ಟುತ್ತಾರೆ. ಗ್ಯಾಲತಿಯಾ, ಫಿಲಿಡಾ ಇಬ್ಬರೂ ಅಲ್ಲಿ ಪರಸ್ಪರ ಪ್ರೀತಿಗೆ ಬೀಳುತ್ತಾರೆ. ಆಗ ಹೆಣ್ಣಿನ ಪಾತ್ರವನ್ನೂ ಹುಡುಗರೇ ಆಡುತ್ತಿದ್ದರು, ಆ ಹುಡುಗ ಮತ್ತೆ ಗಂಡುವೇಷದಲ್ಲಿ! ಕೊನೆಗೆ ಗುಟ್ಟು ಬಯಲಾದಾಗ ಪ್ರೇಮದೇವತೆ ವೀನಸ್ ಅಡ್ಡಬಂದು, ಇಬ್ಬರಲ್ಲಿ ಒಬ್ಬಳನ್ನು ಗಂಡಾಗಿಸುತ್ತೇನೆ ಅನ್ನುತ್ತಾಳೆ. ಆಗ ಅಪ್ಪಂದಿರ ತಕರಾರು ಶುರು. ನನ್ನ ಮಗಳು ಬೇಡ, ಬೇಕಾದರೆ ನಿನ್ನವಳಾಗಲಿ ಅಂತ ಒಬ್ಬ. ನನ್ನವಳೂ ಬೇಡ, ಅವಳು ಗಂಡಾದರೆ ನನ್ನ ಚಿಕ್ಕ ಮಗನಿಗೆ ಆಸ್ತಿ ತಪ್ಪುತ್ತದೆ ಅಂತ ಇನ್ನೊಬ್ಬ. ಸಾಕ್ಷಾತ್ ದೇವಿ ಎದುರಿಗೆ ನಿಂತಿದ್ದಾಳೆ, ಇವನಿಗೆ ಆಸ್ತಿಯ ಚಿಂತೆ! ಆ ಒಂದು ಮಾತಿನಿಂದ ದೇವಿಯೂ ನಿಜವಾಗಿಬಿಡುತ್ತಾಳೆ. ಯಾರು ಗಂಡಾಗುತ್ತಾಳೆ ಅನ್ನುವುದನ್ನು ಲಿಲಿ ಹೇಳುವುದೇ ಇಲ್ಲ. ಲ್ಯಾಟಿನ್ ಕವಿ ಓವಿಡ್ ತನ್ನ ಕಾವ್ಯದಲ್ಲಿ ಇಫಿಸ್ ಅನ್ನುವ ಹುಡುಗಿ ಗಂಡಾಗುವುದನ್ನು ಹೆಜ್ಜೆ ಹೆಜ್ಜೆಗೂ ತೋರಿಸಿದ್ದ. ಲಿಲಿಗೆ ಅದು ಗೊತ್ತಿತ್ತು, ವೀನಸ್ಸಳ ಬಾಯಲ್ಲೇ ಇಫಿಸ್ ಹೆಸರು ಬರುತ್ತದೆ. ಗೊತ್ತಿದ್ದೂ ಅವನು ನಿಲ್ಲಿಸಿದ. ಆ ಹುಡುಗಿಯರಿಗೆ ಯಾರಾದರೂ ಸರಿಯೇ, ಕೂಡಿದರೆ ಸಾಕು.

ನಿನ್ನ ಕೊನೆಯ ದೃಶ್ಯ ನನಗೆ ಒಪ್ಪಿಗೆಯಿಲ್ಲ. ಮಾಯೆ ಇಳಿಯಿತು, ಎಲ್ಲ ಕನಸು, ಎಲ್ಲರೂ ತಪ್ಪೊಪ್ಪಿಕೊಂಡರು, ದೀಪ ಆರಿತು. ಇಷ್ಟು ಸಲೀಸಾಗಿ ಮಾಯೆ ಇಳಿಯುತ್ತದೆಯೇ? ಅದೇ ಹೂವಿನ ರಸ ಬಿದ್ದ ಇಬ್ಬರು ತರುಣರಲ್ಲಿ ಷೇಕ್ಸ್‌ಪಿಯರ್ ಲೈಸ್ಯಾಂಡರನ ಕಣ್ಣಿನ ರಸ ತೆಗೆಸುತ್ತಾನೆ, ಡಿಮೀಟ್ರಿಯಸ್‌ನದನ್ನು ತೆಗೆಸುವುದಿಲ್ಲ. ಅವನು ಮಾಯೆಯಲ್ಲೇ ಹೆಲೆನಾಳ ಕೈಹಿಡಿದು, ಐದನೆಯ ಅಂಕದಲ್ಲಿ ಕುಳಿತು ಬಡ ಕಸುಬುದಾರರ ನಾಟಕವನ್ನು ಗೇಲಿ ಮಾಡುತ್ತಾನೆ. ಆ ಅಂಕದಲ್ಲಿ ಹೆಲೆನಾಗೂ ಲೈಸ್ಯಾಂಡರನ ಕೈಹಿಡಿದ ಹರ್ಮಿಯಾಗೂ ಒಂದೇ ಒಂದು ಮಾತಿಲ್ಲ. ಮದುವೆಯಾದ ರಾತ್ರಿ ಅದು. ಓದಿದಾಗಲೆಲ್ಲ ನನಗೆ ಅಲ್ಲಿ ಎದೆ ಝಲ್ಲೆನ್ನುತ್ತದೆ.

ಇಷ್ಟು ಗದರಿದ್ದು ನಿನಗೆ ಬರವಣಿಗೆ ಬರುವುದಿಲ್ಲ ಅಂತಲ್ಲ. ಎರಡನೆಯ ಅಂಕದಲ್ಲಿ ಹೆಂಡತಿ ಕೋಣದ ಮುಂದೆ ಬೂಸಾದ ಬಕೆಟ್ ಇಟ್ಟು, ಕೊಂಬನ್ನು ಒಂದು ಕೈಯಲ್ಲಿ ಸರಿಸಿ, ‘ಕರೆಂಟ್ ಬಿಲ್ ಎಲ್ಲಿಟ್ಟಿದ್ದೀರಿ, ನಾಳೆ ಕಡೇ ದಿನ’ ಅಂತ ಕೇಳುತ್ತಾಳೆ. ಕಾಲೇಜಿನಲ್ಲಿ ಯಾರೂ ಅದಕ್ಕೆ ಚಪ್ಪಾಳೆ ತಟ್ಟಲಿಲ್ಲವಂತೆ. ಮಗೂ, ಅದನ್ನು ಬರೆದವಳು ಬರವಣಿಗೆ ಬಿಡುವ ಮಾತಾಡಬಾರದು.

ಭಾಷಣ ತೆಗೆ. ಹೊಗೆ ತೆಗೆ. ಕೊನೆಯ ದೃಶ್ಯ ಪೂರ್ತಿ ಹರಿದುಹಾಕು. ಆ ಬಕೆಟ್ಟಿನಿಂದ ಮುಂದಕ್ಕೆ ಹೊಸದಾಗಿ ಬರಿ. ಕೈಬರಹದಲ್ಲಿದ್ದರೂ ಪರವಾಗಿಲ್ಲ, ನನಗೇ ಕಳಿಸು.

ಆಶೀರ್ವಾದಗಳೊಂದಿಗೆ