ಟಿವ್ ಜನರ ಅಕಿಗಾ ಮತ್ತು ನಮ್ಮ ಬೀಸುಕಲ್ಲಿನ ಹಾಡುಗಳು

ಮಾನ್ಯ ಸಂಪಾದಕರಿಗೆ,

ವಂದನೆಗಳು. ಕಳೆದ ಭಾನುವಾರದ ಪುರವಣಿಯಲ್ಲಿ ಆಫ್ರಿಕದ ಬುಡಕಟ್ಟುಗಳ ಕುರಿತು ಪ್ರಕಟವಾದ ಲೇಖನವು ನೈಜೀರಿಯದ ಟಿವ್ ಜನರನ್ನು ಉದಾಹರಿಸಿ, ಕ್ರೈಸ್ತ ಮತ ಅವರ ಸಂಸ್ಕೃತಿಯನ್ನು ಅಳಿಸಿಹಾಕಿತೆಂದೂ, ಉಳಿದಷ್ಟನ್ನು ಅವರ ಅನಾದಿ ಕಾಲದ ಅರಸೊತ್ತಿಗೆ ಕಾಪಾಡಿತೆಂದೂ ಹೇಳಿದೆ. ಎರಡನೆಯ ಮಾತು ತಪ್ಪು. ಮೊದಲನೆಯದು ಅರ್ಧ ಮಾತ್ರ ನಿಜ. ಗುಳೇದಗುಡ್ಡದ ನೇಕಾರ ಮನೆಯಲ್ಲಿ, ಬಾಸೆಲ್ ಮಿಶನ್ ಪರಂಪರೆಯ ಸಭೆಯಲ್ಲಿ ಹುಟ್ಟಿ ಬೆಳೆದು, 34 ವರ್ಷ ಮಕ್ಕಳಿಗೆ ಇತಿಹಾಸ ಕಲಿಸಿದ ನನಗೆ ಈ ವಿಷಯ ಪರದೇಶದ್ದೆಂದು ಅನ್ನಿಸಲಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಅರಸರ ಮಾತನ್ನು ಮೊದಲು ಮುಗಿಸುತ್ತೇನೆ. ಬೆನುವೆ ನದಿಯ ಎರಡೂ ದಂಡೆಗಳಲ್ಲಿ ಯಾಮ್ ಗಡ್ಡೆ, ಜೋಳ, ಸಜ್ಜೆ ಬೆಳೆದುಕೊಂಡು ಬಂದ ಟಿವ್ ಜನರಿಗೆ ಹಿಂದೆ ಒಬ್ಬ ಅರಸನೆಂಬವನಿರಲಿಲ್ಲ. ಒಂದೇ ಮೂಲಪುರುಷನ ಸಂತತಿ ತಾವೆಂದು ನಂಬಿದ ಬಳಗಗಳ ಹಿರಿಯರು ಕೂಡಿ ಕುಳಿತು ಹೊಲ, ಮದುವೆ, ಜಗಳಗಳನ್ನು ಬಗೆಹರಿಸುತ್ತಿದ್ದರು. ಯಾರೊಡನೆ ವ್ಯವಹರಿಸಬೇಕೆಂದು ತಿಳಿಯದ ಬ್ರಿಟಿಷ್ ಆಡಳಿತ ಮೊದಲು ಅಲ್ಲಲ್ಲಿ ಮುಖ್ಯಸ್ಥರನ್ನು ನೇಮಿಸಿತು. ಕೊನೆಗೆ ಇಡೀ ಜನಾಂಗಕ್ಕೆ ಒಬ್ಬ 'ತೊರ್ ಟಿವ್' ಎಂಬ ಪದವಿ ಹುಟ್ಟಿ, ಮಕೇರೆ ಜಾಕ್ಪೆ ಅವರು 1946-47ರ ಸುಮಾರಿಗೆ ಅದಕ್ಕೇರಿದ ಮೊದಲಿಗರಾದರು. ನಮ್ಮ ಮುಧೋಳ, ಜಮಖಂಡಿ ಸಂಸ್ಥಾನಗಳು ವಿಲೀನವಾದದ್ದು 1948ರಲ್ಲಿ ಎಂಬುದನ್ನು ಇದರ ಪಕ್ಕದಲ್ಲಿ ಇಟ್ಟು ನೋಡಬೇಕು: ನಮ್ಮ ಭಾಗದ ಅರಸರು ಗಾದಿ ಬಿಟ್ಟು ಇಳಿಯುವ ಹೊತ್ತಿಗೆ ಟಿವ್ ಜನ ಮೊದಲ ಬಾರಿಗೆ ತಮ್ಮ ಅರಸನನ್ನು ಕಂಡರು. 2017ರಲ್ಲಿ ಪಟ್ಟಕ್ಕೆ ಬಂದ ಐದನೆಯ ತೊರ್ ಟಿವ್, ಜೇಮ್ಸ್ ಅಯಾತ್ಸೆ ಅವರು ಜೀವರಸಾಯನ ಶಾಸ್ತ್ರದ ಪ್ರಾಧ್ಯಾಪಕರು, ಕುಲಪತಿಗಳಾಗಿದ್ದವರು. ಗ್ಬೋಕೊ ಪಟ್ಟಣದ ಆ ಪೀಠಕ್ಕೆ ಇಂದು ಜನ ಕೊಡುವ ಗೌರವ ದೊಡ್ಡದು, ಅದನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಅದು ಅನಾದಿ ಕಾಲದ್ದಲ್ಲ ಎಂಬುದಷ್ಟೇ ನನ್ನ ಮಾತು.

ಇನ್ನು ಮತದ ವಿಷಯ. ದಕ್ಷಿಣ ಆಫ್ರಿಕದ ಡಚ್ ರಿಫಾರ್ಮ್ಡ್ ಸಭೆಯ ಮಿಶನರಿಗಳು 1911ರಲ್ಲಿ ಸಾಯಿ ಎಂಬ ಹಳ್ಳಿಗೆ ಬಂದರು. ರೋಗರುಜಿನ, ಬೆಳೆ, ಸಂತಾನ ಎಲ್ಲವೂ 'ಅಕೊಂಬೊ' ಶಕ್ತಿಗಳ ಕೈಯಲ್ಲಿವೆಯೆಂದು ನಂಬಿ ಅವುಗಳ ಶಾಂತಿ ಮಾಡಿಸುತ್ತಿದ್ದ ಜನರಿಗೆ ಅದನ್ನೆಲ್ಲ ಬಿಡಿರೆಂದು ಇವರು ಬೋಧಿಸಿದರು. ಒಬ್ಬರ ಮನೆಯ ಹೆಣ್ಣನ್ನು ಕೊಟ್ಟು ಇನ್ನೊಬ್ಬರ ಮನೆಯ ಹೆಣ್ಣನ್ನು ತರುವ ಪದ್ಧತಿಯನ್ನು ಸರಕಾರ 1927ರಲ್ಲಿ ರದ್ದುಪಡಿಸಿತು, ಮಿಶನರಿಗಳಿಗೂ ಅದೇ ಬೇಕಾಗಿತ್ತು. ಸಾಟಿ ಮದುವೆಯ ಸಂಕಟ ಬಲ್ಲ ನಮ್ಮ ಸೀಮೆಯವರು ಆ ಪದ್ಧತಿ ಹೋದುದಕ್ಕಾಗಿ ಮರುಗಲಾರರು. ಆದರೆ ಟಿವ್ ಜನರ ಬಂಧುತ್ವದ ನೆಯ್ಗೆಯೇ ಅದರ ಮೇಲೆ ನಿಂತಿತ್ತು, ಅದು ಸಡಿಲವಾಯಿತು. ಈ ನಷ್ಟವನ್ನು ನಾನು ಕ್ರೈಸ್ತನೆಂಬ ಕಾರಣಕ್ಕೆ ಮುಚ್ಚಿಡುವುದಿಲ್ಲ. ಅದೇ ಮಿಶನರಿಗಳು ಟಿವ್ ಭಾಷೆಯನ್ನು ಬರಹಕ್ಕೆ ತಂದದ್ದೂ, 1936ರಲ್ಲಿ ಹೊಸ ಒಡಂಬಡಿಕೆ ಮತ್ತು 1964ರಲ್ಲಿ ಇಡೀ ಬೈಬಲ್ ಆ ಭಾಷೆಯಲ್ಲಿ ಬಂದದ್ದೂ, 1957ರಲ್ಲಿ ಸಭೆ ಸ್ವತಂತ್ರವಾಗಿ ಟಿವ್ ಜನರ ಕೈಗೆ ಬಂದದ್ದೂ ಅಷ್ಟೇ ನಿಜ. ದೇವರಿಗೆ ಅವರು ಹೊರಗಿನ ಹೆಸರು ತರಲಿಲ್ಲ. ಆಕಾಶಕ್ಕೂ ಅದರಾಚೆಯ ಶಕ್ತಿಗೂ ಹಿರಿಯರು ಕರೆಯುತ್ತಿದ್ದ 'ಅವೊಂದೊ' ಎಂಬ ಹೆಸರೇ ಪ್ರಾರ್ಥನೆಯಲ್ಲಿ ಉಳಿಯಿತು.

ಲೇಖಕರು ಅಕಿಗಾ ಸಾಯಿಯ ಹೆಸರನ್ನೇ ಎತ್ತಿಲ್ಲ ಎಂಬುದು ನನಗೆ ಬಹಳ ಬೇಸರ ತಂದಿತು. ಮಿಶನರಿಗಳು ಬಂದಿಳಿದ ಹಳ್ಳಿಯ ಹಿರಿಯ ಸಾಯಿ ಎಂಬವನ ಮಗ ಈತ. ತಂದೆ ಈ ಹುಡುಗನನ್ನು ಮಿಶನರಿಗಳ ಬಳಿ ಬಿಟ್ಟ. ಹುಡುಗ ಓದು ಬರಹ ಕಲಿತ, ಟಿವ್ ಜನರಲ್ಲಿ ಮೊದಲ ಕ್ರೈಸ್ತರ ಸಾಲಿಗೆ ಸೇರಿದ. ಮುಂದೆ ಸುವಾರ್ತೆ ಸಾರಲು ಊರೂರು ತಿರುಗುವಾಗ ಆತ ಹಿರಿಯರ ಮುಂದೆ ಕುಳಿತು ವಂಶಾವಳಿ, ವಲಸೆಯ ಕಥೆ, ಬೇಸಾಯ, ಮದುವೆ, ಕೊನೆಗೆ ತಾನೇ ಬಿಟ್ಟುಬಂದ ಅಕೊಂಬೊಗಳ ವಿವರವನ್ನೂ ಕೇಳಿ ಕೇಳಿ ಟಿವ್ ಭಾಷೆಯಲ್ಲಿ ಬರೆದಿಟ್ಟ. ಅದರ ಇಂಗ್ಲಿಷ್ ಅನುವಾದ 1939ರಲ್ಲಿ ಅಚ್ಚಾಯಿತು. ಓದಬಲ್ಲ ಹೊಸ ಪೀಳಿಗೆಯವರು ಇದನ್ನು ಓದಿ, ಓದಲು ಬಾರದವರಿಗೂ ಹೇಳಬೇಕೆಂಬುದು ಆತನ ಆಸೆಯಾಗಿತ್ತು. ಟಿವ್ ಜನರ ಹಳೆಯ ಬಾಳಿನ ಬಗ್ಗೆ ಅವರದೇ ಒಬ್ಬ ಮಗ ಅವರದೇ ಮಾತಿನಲ್ಲಿ ಬರೆದ ಮೊದಲ ದೊಡ್ಡ ದಾಖಲೆ ಹೀಗೆ ಒಬ್ಬ ಮತಾಂತರಗೊಂಡವನ ಕೈಯಿಂದ ಬಂತು. 1894ರಲ್ಲಿ ಕಿಟ್ಟೆಲ್ ಅವರ ಶಬ್ದಕೋಶವನ್ನು ಪಡೆದ ನಾವು ಇದಕ್ಕೆ ಬೆರಗಾಗಬೇಕಿಲ್ಲ, ಆದರೂ ಕಿಟ್ಟೆಲ್ ಹೊರಗಿನಿಂದ ಬಂದವರು, ಅಕಿಗಾ ಮನೆಯ ಮಗ. ನನ್ನ ಪಾಲಿಗೆ ಆ ವ್ಯತ್ಯಾಸ ಸಣ್ಣದಲ್ಲ.

ಸಂಸ್ಕೃತಿ ಅಳಿಯಿತೆಂಬ ಮಾತಿಗೆ ಇನ್ನೂ ಒಂದು ಉತ್ತರವಿದೆ. ದಿನದ ಹೊಲದ ಕೆಲಸ ಮುಗಿಸಿದ ಮೇಲೆ ಸಂಜೆಗತ್ತಲಲ್ಲಿ ಮನೆಮಂದಿ ಕೂಡಿ ಕೇಳುತ್ತಿದ್ದ ಮೊಲದ ಕಥೆಗಳಿಂದ ಬೆಳೆದ 'ಕ್ವಾಘ್-ಹಿರ್' ಎಂಬ ಆಟದಲ್ಲಿ ಮರದ ಗೊಂಬೆಗಳು, ವೇಷಗಳು, ಹಾಡು, ಕುಣಿತ ಎಲ್ಲವೂ ಇವೆ. 2019ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಕಪ್ಪು ಬಿಳಿ ಪಟ್ಟೆಗಳ 'ಅಂಗೆರ್' ಬಟ್ಟೆಯನ್ನು ಟಿವ್ ಜನ ಇಂದಿಗೂ ತಮ್ಮ ಗುರುತೆಂದು ಉಡುತ್ತಾರೆ. ಬಹುಪಾಲು ಕ್ರೈಸ್ತರೇ ಆಗಿರುವ ಆ ಜನರಿಗೆ ಅದನ್ನು ಉಡಲು ಮತ ಅಡ್ಡಬಂದಿಲ್ಲ. ಖಣದ ಮಗ್ಗದ ಸದ್ದಿನಲ್ಲಿ ಬೆಳೆದ ನನಗೆ ಇದು ಬಲು ಸಹಜವಾಗಿ ಕಾಣುತ್ತದೆ.

ಈಗ ನನ್ನ ಮನೆಯ ಸಂಗತಿ. ನಮ್ಮ ಅವ್ವ ನಸುಕಿನಲ್ಲಿ ಜೋಳ ಬೀಸುವಾಗ ತನ್ನ ತಾಯಿಯಿಂದ ಬಂದ ಪದಗಳನ್ನು ಹಾಡುತ್ತಿದ್ದಳು. ತವರಿನ ಹಾದಿ, ಅಣ್ಣನ ಬಂಡಿ, ಬನಶಂಕರಿ ಜಾತ್ರೆ ಎಲ್ಲ ಅವುಗಳಲ್ಲಿ ಬರುತ್ತಿದ್ದವು. ಅನ್ಯದೇವರ ಹೆಸರು ಬರುತ್ತದೆಂದು ಸಭೆಯ ಹಿರಿಯರೊಬ್ಬರು ಹಾಡಬೇಡವೆಂದರು. ಆಕೆ ಹಾಡಿದಳು, ಆದರೆ ದನಿ ತಗ್ಗಿಸಿ. ಕೆಲವು ವರ್ಷಗಳ ನಂತರ ಜಾನಪದ ಗೀತೆ ಸಂಗ್ರಹಿಸಲು ಊರಿಗೆ ಬಂದ ಒಬ್ಬರು ನಮ್ಮ ಓಣಿಯ ಬಾಯಿಗೆ ಬಂದು, ಇವರು ಕ್ರಿಶ್ಚಿಯನ್ನರು, ಇವರಲ್ಲಿ ಹಾಡು ಎಲ್ಲಿರುತ್ತವೆ ಎಂದು ಹಿಂದಿರುಗಿದರು. ಅವ್ವನ ಹಾಡುಗಳನ್ನು ಆ ಹಿರಿಯರೂ ಕೇಳಲಿಲ್ಲ, ಈ ಸಂಗ್ರಾಹಕರೂ ಕೇಳಲಿಲ್ಲ. ನಾನು ಮೇಷ್ಟ್ರಾಗಿದ್ದೂ ಬರೆದುಕೊಳ್ಳಲಿಲ್ಲ. ಅಕಿಗಾ ಮಾಡಿದ್ದನ್ನು ನಾನು ಮಾಡಲಿಲ್ಲವೆಂಬ ನೋವು ಲೇಖನ ಓದಿದಾಗಿನಿಂದ ಹೆಚ್ಚಾಗಿದೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವಾಗಲಿ ನಮ್ಮ ಜಿಲ್ಲಾಡಳಿತವಾಗಲಿ ಬಾಗಲಕೋಟೆ ಜಿಲ್ಲೆಯಲ್ಲಿ ಹಾಡು, ಕಥೆಗಳನ್ನು ದಾಖಲಿಸಲು ಹೊರಟಾಗ ಜಾತಿ ಮತ ಕೇಳಿ ಓಣಿ ಬಿಡಬಾರದು, ಮತ್ತು ನಮ್ಮ ಸಭೆಗಳು ತಮ್ಮ ಅಜ್ಜಿಯರನ್ನು ಹಾಡಲು ತಾವೇ ಮುಂದೆ ಕಳಿಸಬೇಕು. ತಮ್ಮ ಪತ್ರಿಕೆಯೂ ಇಂಥ ಲೇಖನಗಳನ್ನು ಪ್ರಕಟಿಸುವ ಮುನ್ನ ಇನ್ನೊಂದು ಮಗ್ಗುಲನ್ನು ವಿಚಾರಿಸಬೇಕೆಂದು ಕೋರುತ್ತೇನೆ. ನನ್ನ ಅಕ್ಕನಿಗೆ ಈಗ 81 ವರ್ಷ. ಅವ್ವನ ಪದಗಳಲ್ಲಿ ಸುಮಾರು ಮೂವತ್ತು ಆಕೆಗೆ ನೆನಪಿವೆ. ಯಾರಾದರೂ ಧ್ವನಿಮುದ್ರಣಕ್ಕೆ ಬರುವುದಾದರೆ ಬೆಳಿಗ್ಗೆ ಹತ್ತರೊಳಗೆ ಬರಬೇಕು. ಬಿಸಿಲೇರಿದ ಮೇಲೆ ಆಕೆಗೆ ಉಸಿರು ಸಾಲುವುದಿಲ್ಲ.

ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಗುಳೇದಗುಡ್ಡ, ಬಾಗಲಕೋಟೆ ಜಿಲ್ಲೆ